ಕಾಳಪ್ಪನ ಗೊಂಬೆಗೆ ಊರೂರಲ್ಲಿ ಕುಬಸ

ಕಾಳಪ್ಪ ಯುವಕನಾದದ್ದು ತನ್ನ ಐವತ್ತಾರನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅವನು ಸಿಂದಗಿ ಹತ್ತಿರದ ತನ್ನೂರಿನಲ್ಲಿ ಕುರಿ ಮೇಯಿಸಿಕೊಂಡು, ಉಣ್ಣೆ ಕತ್ತರಿಸಿಕೊಂಡು, ಸಂಜೆಯಾದರೆ ಗುಡಿಯ ಕಟ್ಟೆಯ ಮೇಲೆ ಕೂತು ಊರವರ ತಪ್ಪು ಹುಡುಕಿಕೊಂಡು, ಯಾರಿಗೂ ಹೆಚ್ಚಿನ ತೊಂದರೆಯಿಲ್ಲದಂತೆ ಮುದುಕನಾಗುತ್ತಿದ್ದ. ಅವನನ್ನು ಆ ದಾರಿಯಿಂದ ತಪ್ಪಿಸಿ ಯುವಕನನ್ನಾಗಿ ಮಾಡಿದವನು ಊರ ಯುವಕ ಸಂಘದ ಅಧ್ಯಕ್ಷ ಸಂಜೀವಕುಮಾರ.

ಸಂಜೀವಕುಮಾರನೂ ಯುವಕನೇ. ಇಪ್ಪತ್ತೆರಡು ವರ್ಷದಿಂದ ಒಂದು ದಿನವೂ ಬಿಡುವಿಲ್ಲದೆ ಯುವಕ. ಕಬ್ಬಿನ ಹೊಲ, ಟ್ರ್ಯಾಕ್ಟರು, ಕಾಲೇಜಿಗೆ ಹೋಗುವ ಮಗಳು, ಎಲ್ಲ ಇರುವ ಮನುಷ್ಯ. ಹದಿನೈದು ದಿನಕ್ಕೊಮ್ಮೆ ತಲೆಗೂ ಮೀಸೆಗೂ ಕಪ್ಪು ಹಚ್ಚಿ ಅಧ್ಯಕ್ಷಗಿರಿಯನ್ನು ನವೀಕರಿಸಿಕೊಳ್ಳುತ್ತಿದ್ದ. ಆ ಜನವರಿಯಲ್ಲಿ ಇಲಾಖೆಯಿಂದ ಒಂದು ಆದೇಶ ಬಂತು: ಹತ್ತು ಜನ ಯುವಕರಿಗೆ ಸಿಂದಗಿಯಲ್ಲಿ ಹತ್ತು ದಿನ ಗೊಂಬೆ ಮಾಡುವ, ಆಡಿಸುವ ತರಬೇತಿ, ಆಮೇಲೆ ಅದೇ ತಂಡ ಹಳ್ಳಿಹಳ್ಳಿಗೆ ಹೋಗಿ ತಾಯಿ-ಮಗುವಿನ ಆರೋಗ್ಯದ ಬಗ್ಗೆ ಗೊಂಬೆಯಾಟ ತೋರಿಸಬೇಕು. ಸಂಘದ ಪಟ್ಟಿಯಲ್ಲಿ ನಲವತ್ತು ಹೆಸರಿದ್ದವು. ಅದರಲ್ಲಿ ಅರ್ಧ ಜನ ಪೊಲೀಸ್ ಭರ್ತಿಗೆಂದು ಬೆಳಿಗ್ಗೆ ಸಂಜೆ ಓಡುತ್ತಿದ್ದರು, ಉಳಿದವರು ಅಧ್ಯಕ್ಷನನ್ನು ಕಂಡರೆ ಓಡುತ್ತಿದ್ದರು. ಹೇಗೋ ಒಂಬತ್ತು ಜನ ಸಿಕ್ಕರು. ಹತ್ತನೆಯವನನ್ನು ಹುಡುಕುತ್ತ ಅವನು ಗುಡಿಯ ಕಟ್ಟೆಗೆ ಬಂದ.

"ಕಾಳಪ್ಪಕಾಕಾ, ನಿನ್ನ ಆಧಾರ ಕಾರ್ಡಿನಾಗ ವಯಸ್ಸ ಎಷ್ಟೈತಿ?"

"ಯಾರಿಗೆ ಗೊತ್ತರಿ ಅಧ್ಯಕ್ಷರ. ನಮ್ಮೂರಾಗ ಎಲ್ಲಾರೂ ಜನೇವರಿ ಒಂದಕ್ಕ ಹುಟ್ಟಿದವರು."

"ಫೋಟೋದಾಗ ಮಾರಿ ಕಾಣಸೂದಿಲ್ಲ, ಪಟಗಾ ಅಷ್ಟ ಕಾಣತೈತಿ. ಮೂವತ್ನಾಕು ಅಂತ ಬರಕೋತೇನಿ, ಸುಮ್ಕ ಬಾ."

"ಊಟ ಕೊಡ್ತಾರೇನು?"

"ಹತ್ತೂ ದಿನ. ಕಡೀ ದಿನ ಹೋಳಿಗಿ."

ಕಾಳಪ್ಪ ಒಪ್ಪಿದ. ಹೋಳಿಗೆಯ ಆಸೆ ಇತ್ತು, ಅದನ್ನು ಅವನು ಯಾರಿಂದಲೂ ಮುಚ್ಚಿಡಲಿಲ್ಲ. ಮುಚ್ಚಿಟ್ಟದ್ದು ಇನ್ನೊಂದು ಕಾರಣವನ್ನು. ಅವನಿಗೆ ಹಗಲು ಹೊತ್ತು ಮನೆಯಿಂದ ದೂರ ಇರಬೇಕಾಗಿತ್ತು.

ಮನೆಯಲ್ಲಿ ಹೆಂಡತಿ ಶೇವಂತೆವ್ವ ಬೆನ್ನು ಹತ್ತಿದ್ದಳು. ಒಬ್ಬಳೇ ಮಗಳು ಸುರೇಖಾಳನ್ನು ಹಿಂದಿನ ಬೇಸಿಗೆಯಲ್ಲಿ ಆಲಮೇಲದ ಆಚೆ, ಭೀಮಾ ದಂಡೆಯ ಒಂದು ಊರಿಗೆ ಕೊಟ್ಟಿದ್ದರು. ಗಂಡ ಒಳ್ಳೆಯವನು, ಮನೆತನ ಒಳ್ಳೆಯದು. ಎಲ್ಲ ಸರಿಯಾಗಿ ನಡೆದು, ಕೊನೆಗೆ ಆಯೇರಿ ಮಾಡುವಾಗ ಕೆಟ್ಟಿತು. ಆಯೇರಿ ಎಂದರೆ ಮದುವೆಯಲ್ಲಿ ಬೀಗರು ಪರಸ್ಪರ ಬಟ್ಟೆ ಕೊಟ್ಟು ಮಾಡುವ ಮರ್ಯಾದೆ. ಯಾರಿಗೆ ಏನು ಎಂಬುದನ್ನು ಮೈಕಿನಲ್ಲಿ ಕೂಗಿ ಹೇಳುವುದು ವಾಡಿಕೆ. ಗಡಿಬಿಡಿಯಲ್ಲಿ ಬೀಗರ ಗಂಟು ಅದಲುಬದಲಾಗಿ, ಕಾಳಪ್ಪನ ದೂರದ ತಮ್ಮನಿಗೆ ತಲೆಗೆ ಸುತ್ತುವ ಜರಿ ಪಟಗಾ ಹೋಯಿತು. "ಹೆಣ್ಣಿನ ತಂದೆಯವರಾದ ಕಾಳಪ್ಪನವರಿಗೆ ಒಂದು ಟವೆಲ್ಲು" ಎಂದು ಮೈಕು ಮೂರು ಊರಿಗೆ ಕೇಳುವ ಹಾಗೆ ಸಾರಿತು. ಬಾಸಿಂಗ ಕಟ್ಟಿಕೊಂಡು ಕೂತಿದ್ದ ಸುರೇಖಾ ಅಪ್ಪನ ಮುಖ ನೋಡಿ ಕಿಸಕ್ಕನೆ ನಕ್ಕುಬಿಟ್ಟಳು.

ಮರುದಿನವೇ ಬೀಗ ಪಟಗಾ ಹಿಡಿದುಕೊಂಡು ಬಂದ, ತಪ್ಪಾಯಿತು ಅಂದ. ಕಾಳಪ್ಪ ಅದನ್ನು ಮುಟ್ಟಲಿಲ್ಲ. ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ, ನಕ್ಕ ಮಗಳೊಂದಿಗೆ ಮಾತಾಡುವುದಿಲ್ಲ ಎಂದು ಕುಲದೇವರು ಮಾಳಿಂಗರಾಯನ ಆಣೆ ಹಾಕಿದ. ಪಂಚಮಿಗೆ ಮಗಳನ್ನು ಕರೆಯಲಿಲ್ಲ, ದೀಪಾವಳಿಗೂ ಕರೆಯಲಿಲ್ಲ. ಈಗ ಸುರೇಖಾಳಿಗೆ ಮೂರು ತಿಂಗಳು ಎಂಬ ಸುದ್ದಿ ಬಂದಿತ್ತು. ಮುಂದೆ ಕುಬಸ ಮಾಡಬೇಕು: ಬಸುರಿ ಮಗಳಿಗೆ ತವರಿನವರು ಐದರಲ್ಲೋ ಏಳರಲ್ಲೋ, ತಪ್ಪಿದರೆ ಒಂಬತ್ತರಲ್ಲಿ, ಹಸಿರು ಸೀರೆ, ಹಸಿರು ಬಳೆ, ಬುತ್ತಿ ಹೊತ್ತುಕೊಂಡು ಹೋಗಿ ಉಡಿ ತುಂಬಿ, ಚೊಚ್ಚಲ ಹೆರಿಗೆಗೆ ಕರೆತರಬೇಕು. ಶೇವಂತೆವ್ವ ಒಬ್ಬಳೇ ಹೋಗಲು ತಯಾರಿದ್ದಳು. ಆದರೆ ಸುರೇಖಾ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದಳು, "ಅಪ್ಪ ಬಂದ್ರಷ್ಟ ಬುತ್ತಿ ತಗೊಂಡು ಬಾ. ಅಪ್ಪ ಇಲ್ಲದ ಕುಬಸ ನನಗ ಬ್ಯಾಡ." ಈ ಹಠ ಯಾರ ಕಡೆಯಿಂದ ಬಂದದ್ದೆಂದು ಊರಿಗೆಲ್ಲ ಗೊತ್ತಿತ್ತು, ಕಾಳಪ್ಪನಿಗೆ ಬಿಟ್ಟು.

ಹೀಗೆ ಹೆಂಡತಿಯ ಬಾಯಿಂದ ತಪ್ಪಿಸಿಕೊಂಡು ಅವನು ಸಿಂದಗಿಯ ಸಭಾಭವನಕ್ಕೆ ಬಂದ. ಕಲಿಸಲು ಬಂದಿದ್ದವನು ಮೈಸೂರು ಕಡೆಯ ಚೇತನಕುಮಾರ. ಗಡ್ಡ, ಜುಬ್ಬಾ, ಮೆಲುಮಾತಿನ ಹುಡುಗ. ಮೊದಲ ದಿನ ಎಲ್ಲರನ್ನೂ ಸುತ್ತ ಕೂರಿಸಿ, "ಕಣ್ಣು ಮುಚ್ಕೊಳ್ಳಿ. ನಿಮ್ಮೊಳಗೆ ಒಂದು ಗೊಂಬೆ ಇದೆ, ಅದರ ಜೊತೆ ಮಾತಾಡಿ" ಎಂದ. ಒಂಬತ್ತು ಯುವಕರು ಕಣ್ಣು ಮುಚ್ಚಿದರು. ಹತ್ತನೆಯ ಯುವಕ ಕಣ್ಣು ಮುಚ್ಚಿ ಗೊರಕೆ ಹೊಡೆದ. "ಇವರು ಎಷ್ಟು ಆಳಕ್ಕೆ ಇಳಿದಿದ್ದಾರೆ ನೋಡಿ" ಎಂದು ಚೇತನಕುಮಾರ ಉಳಿದವರಿಗೆ ಮೆಲ್ಲಗೆ ತೋರಿಸಿದ.

ಎರಡನೆಯ ದಿನದಿಂದ ಕೈಗೆ ಕೆಲಸ ಬಂತು. ಹಳೆಯ ಪೇಪರು ನೆನೆಹಾಕಿ ರುಬ್ಬಬೇಕು, ಮೈದಾ ಹಿಟ್ಟಿನ ಅಂಟು ಕಲಸಿ ಮುದ್ದೆ ಮಾಡಬೇಕು, ಆ ಮುದ್ದೆಯಲ್ಲಿ ತಲೆ ತಿದ್ದಬೇಕು, ನೆರಳಿಗೆ ಒಣಗಿಸಿ ಉಜ್ಜಿ ಬಣ್ಣ ಹಚ್ಚಬೇಕು. ಒಂದು ಕೋಲಿನ ಮೇಲೆ ತಲೆ, ಕೈಗಳಿಗೆ ಎರಡು ಸಣ್ಣ ಕಡ್ಡಿ. ಆಡಿಸುವವನು ಪರದೆಯ ಹಿಂದೆ ನಿಂತು ಗೊಂಬೆಯನ್ನು ತಲೆಯ ಮೇಲೆ ಎತ್ತಿ ಹಿಡಿಯಬೇಕು. ಕಾಳಪ್ಪನ ಪಾಲಿಗೆ ಬಂದದ್ದು ಆಟದ ನಾಯಕಿ, ಕಬ್ಬಿಣದ ಗುಳಿಗೆ ನುಂಗಿ ತೋರಿಸಬೇಕಾದ ಏಳು ತಿಂಗಳ ಗರ್ಭಿಣಿ. ಅವನ ಕೈಗೆ ಹುಟ್ಟಿನಿಂದ ಗೊತ್ತಿದ್ದದ್ದು ಒಂದೇ ಮುಖ. ಹಾಗಾಗಿ ಮೊದಲ ತಲೆ ಕುರಿಯದಾಯಿತು. ಚೇತನಕುಮಾರ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ತುಂಬಾ ಜಾನಪದವಾಗಿದೆ ಸಾರ್, ಇದನ್ನೇ ಇಟ್ಕೊಳ್ಳೋಣ" ಎಂದ.

"ಕುರಿ ಗುಳಿಗಿ ನುಂಗಿದ್ರ ಯಾರ ನೋಡ್ತಾರ್ರಿ ಸರ್" ಎಂದು ಕಾಳಪ್ಪ ಅದನ್ನು ಮುರಿದು ಮತ್ತೆ ನೀರಿಗೆ ಹಾಕಿದ.

ಎರಡನೆಯ ತಲೆ ಸಂಜೀವಕುಮಾರನ ಹಾಗೆ ಬಂತು, ಅದನ್ನೂ ಮುರಿದ. ಮೂರನೆಯದು ಬಂದಾಗ ಸಭಾಭವನದಲ್ಲಿ ಎಲ್ಲರೂ ತಮ್ಮ ಕೆಲಸ ಬಿಟ್ಟು ಹತ್ತಿರ ಬಂದರು. ಇಲ್ಲಿ ನಾನೂ ಸ್ವಲ್ಪ ಹೊತ್ತು ಕುಚೋದ್ಯ ಬದಿಗಿಟ್ಟು ನಿಜ ಹೇಳಬೇಕು: ಗೊಂಬೆ ಬಹಳ ಚೆಲುವಾಗಿತ್ತು. ದುಂಡು ಗಲ್ಲ, ಯಾವುದನ್ನೋ ಕೇಳಲು ಹೊರಟಂಥ ಕಣ್ಣು. ತರಬೇತಿಯವರು ಕೊಟ್ಟ ನೈಲಾನ್ ದಾರ ಬಿಟ್ಟು, ಅವನು ತನ್ನ ಕರಿ ಕುರಿಯ ಉಣ್ಣೆಯಿಂದ ಜಡೆ ಹೆಣೆದ. ಹೊಟ್ಟೆಗೂ ಉಣ್ಣೆಯನ್ನೇ ತುಂಬಿದ. ಏಳು ತಿಂಗಳ ಹೊಟ್ಟೆ ಎಲ್ಲಿ ಏಳಬೇಕು, ಎಲ್ಲಿ ಇಳಿಯಬೇಕು ಎಂಬುದು ಆ ಹತ್ತು ಯುವಕರಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ನೂರಾರು ಕುರಿಗಳ ಬಾಣಂತನ ಮಾಡಿದ ಕೈ ಅದು.

ಸೀರೆ ಉಡಿಸಲೆಂದು ಗೊಂಬೆಯನ್ನು ಮನೆಗೆ ತಂದಾಗ ಶೇವಂತೆವ್ವ ಅದನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಈ ಮೂಗು ನಮ್ಮ ಸುರೇಖಾಂದು."

"ಮೂಗು ಎಲ್ಲಾರಿಗೂ ಇರತೈತಿ" ಎಂದ ಕಾಳಪ್ಪ. ಮರುದಿನ ಸಿಂದಗಿ ಬಜಾರಿನಲ್ಲಿ ಇದ್ದುದರಲ್ಲಿ ದೊಡ್ಡದಾದ ನತ್ತು ತಂದು ಗೊಂಬೆಗೆ ಚುಚ್ಚಿ, ಮೂಗು ಕಾಣದ ಹಾಗೆ ಮಾಡಿದ.

ಆಟದ ಬರಹದಲ್ಲಿ ಆಕೆಯ ಹೆಸರು ಸುಮಾ ಎಂದಿತ್ತು. ಸುಮಾ ಎಂದರೆ ನಮ್ಮ ಕಡೆ ಯಾರೂ ನಂಬುವುದಿಲ್ಲ ಎಂದು ಕಾಳಪ್ಪ ನೀಲವ್ವ ಎಂದಿಟ್ಟ. ಸಂಘದಲ್ಲಿ ಹೆಣ್ಣುಮಕ್ಕಳಿರಲಿಲ್ಲ, ಆದ್ದರಿಂದ ಹೆಣ್ಣುದನಿಗೂ ಅವನೇ ಬೇಕಾಯಿತು. ಮೂವತ್ತು ವರ್ಷದ ಹಿಂದೆ ಊರ ಸಣ್ಣಾಟದಲ್ಲಿ ಅವನು ಹೆಣ್ಣುಪಾತ್ರ ಮಾಡುತ್ತಿದ್ದ. ಆ ದನಿ ಗಂಟಲಿನ ಯಾವುದೋ ಮೂಲೆಯಲ್ಲಿ ಹಾಗೇ ಉಳಿದಿತ್ತು. ಸುರೇಖಾ ಸಣ್ಣವಳಿದ್ದಾಗ ಅದೇ ದನಿಯಲ್ಲಿ ಅವಳಿಗೆ ಕಥೆ ಹೇಳಿ ಉಣಿಸಿದ್ದೂ ಉಂಟು. ಅದೆಲ್ಲ ಟವೆಲ್ಲಿಗಿಂತ ಮೊದಲಿನ ಮಾತು.

ಮೊದಲ ಆಟ ಇಂಡಿ ಕಡೆಯ ಒಂದು ಊರಲ್ಲಿ, ನಿಂಬೆ ತೋಟಗಳ ನಡುವಿನ ಬಯಲಿನಲ್ಲಿ. ಎರಡು ಗೂಟಕ್ಕೆ ಕಾಳಪ್ಪನ ಕಂಬಳಿಯನ್ನೇ ಪರದೆಯಾಗಿ ಕಟ್ಟಿದ್ದರು. ಮುಂದೆ ಹೆಂಗಸರು ಸಾಲುಸಾಲಾಗಿ ಕೂತಿದ್ದರು. ನೀಲವ್ವ ಬಂದಳು, ಸೊಂಟಕ್ಕೆ ಕೈ ಕೊಟ್ಟು ಉಸ್ಸೆಂದಳು, ತನಗೆ ಏಳು ತಿಂಗಳು ತುಂಬಿತು ಎಂದಳು. ಅತ್ತೆ ಗೊಂಬೆ ಬಂದು, ಕಬ್ಬಿಣದ ಗುಳಿಗೆ ನುಂಗಿದರೆ ಕೂಸು ಕಪ್ಪಾಗುತ್ತದೆ ಎಂದು ಬೈದಿತು. ಇನ್ನೇನು ನೀಲವ್ವ ಅತ್ತೆಗೆ ಬುದ್ಧಿ ಹೇಳಬೇಕು, ಅಷ್ಟರಲ್ಲಿ ಮುಂದಿನ ಸಾಲಿನಿಂದ ಚಂದವ್ವ ಎಂಬ ಮುದುಕಿ ಎದ್ದು ನಿಂತಳು.

"ಏ ನೀಲವ್ವ, ಸ್ವಲ್ಪ ತಡಿ. ಏಳ ತಿಂಗಳಂತಿ. ಕೈಯಾಗ ಹಸರ ಬಳಿ ಇಲ್ಲ, ಉಡಿ ಬರಿದ ಐತಿ. ನಿನ್ನ ಕುಬಸ ಆಗಿಲ್ಲೇನು?"

ಬರಹದಲ್ಲಿ ಈ ಮಾತಿಗೆ ಉತ್ತರವಿರಲಿಲ್ಲ. ಚೇತನಕುಮಾರ ಹತ್ತು ದಿನ ಕಲಿಸಿದ್ದರಲ್ಲೂ ಇರಲಿಲ್ಲ. ಆಟದಲ್ಲಿ ಕೇಳಿದ್ದಕ್ಕೆ ಉತ್ತರ ಕೊಡದೆ ಇರಬಾರದು ಎಂದಷ್ಟೇ ಕಾಳಪ್ಪನಿಗೆ ನೆನಪಿತ್ತು. ಅವನು ನೀಲವ್ವನ ದನಿಯಲ್ಲಿ ಪ್ರಾಮಾಣಿಕವಾಗಿ, "ಇಲ್ಲವ್ವ, ಆಗಿಲ್ಲ" ಎಂದುಬಿಟ್ಟ.

ಅಷ್ಟೇ, ಆಟ ಅಲ್ಲಿಗೆ ನಿಂತಿತು. ಕುಬಸವಾಗದ ಬಸುರಿಯ ಬಾಯಿಂದ ಬುದ್ಧಿಮಾತು ಕೇಳಲು ಯಾರೂ ತಯಾರಿರಲಿಲ್ಲ. ಒಬ್ಬಳು ಓಡಿಹೋಗಿ ಅಕ್ಕಿ, ಕೊಬ್ಬರಿ ಬಟ್ಟಲು ತಂದಳು, ಇನ್ನೊಬ್ಬಳು ತನ್ನ ಕೈಯ ಬಳೆಯನ್ನೇ ಬಿಚ್ಚಿದಳು, ಮತ್ತೊಬ್ಬಳು ಆರತಿ ಹಚ್ಚಿದಳು. ಆಗ ಚಂದವ್ವ ಇನ್ನೊಂದು ಪ್ರಶ್ನೆ ಕೇಳಿದಳು: "ಇಕಿ ತವರಮನಿಯವರು ಎಲ್ಲಿ?"

ಆಟ ಮುಂದೆ ಹೋದರೆ ಸಾಕೆಂದು ಸಂಜೀವಕುಮಾರ ಕಂಬಳಿಯ ಅಂಚು ಎತ್ತಿ ಕಾಳಪ್ಪನನ್ನು ತೋರಿಸಿದ. "ಇವರಽ ನೋಡ್ರಿ ಮಾಡಿದವರು. ತಂದಿ ಅಂತ ತಿಳೀರಿ."

"ಏನಪಾ, ತಂದಿ ಆಗಿ ಮಗಳಿಗೆ ಒಂದ ಹಸರ ಸೀರಿ ತರಾಕ ಆಗಲಿಲ್ಲೇನು? ಮ್ಯಾಲ ಇಷ್ಟ ದೊಡ್ಡ ಪಟಗಾ ಸುತ್ಕೊಂಡಿ" ಎಂದಳು ಚಂದವ್ವ. ಹೆಂಗಸರೆಲ್ಲ ಅವನ ಕಡೆ ನೋಡಿದರು.

ಕಾಳಪ್ಪ ಮಾನವಂತ. ಅವನ ಎಲ್ಲ ಕಷ್ಟಕ್ಕೂ ಅದೇ ಮೂಲ. ಅವತ್ತು ಮನೆಗೆ ಬಂದರೂ ಅವನಿಗೆ ಅನ್ನ ಸೇರಲಿಲ್ಲ. ಮುಂದಿನ ಆಟಕ್ಕೆ ಮೊದಲು ಕುಪ್ಪಸಕ್ಕೆ ಹಸಿರು ಖಣ ತಂದ, ಹಸಿರು ಬಳೆ ತಂದ, ನೀಲವ್ವನ ಮಟ್ಟಕ್ಕೆ ಸೀರೆ ಹೊಲಿಸಿದ, ಶೇವಂತೆವ್ವನಿಗೆ ಏನೋ ಸುಳ್ಳು ಹೇಳಿ ಬುತ್ತಿಯನ್ನೂ ಕಟ್ಟಿಸಿಕೊಂಡ. ಯಾರೂ ಕೇಳುವ ಮೊದಲೇ ಪರದೆಯ ಹೊರಗೆ ಬಂದು, "ನಾನಽ ಇಕಿ ತಂದಿ, ಕುಬಸ ಮಾಡಾಕ ಬಂದೇನಿ" ಎಂದು ಎದೆಯುಬ್ಬಿಸಿ ಹೇಳಿದ. ಹೆಂಗಸರು ಉಡಿ ತುಂಬಿದರು, ಸೋಬಾನೆ ಹಾಡಿದರು. ಗುಳಿಗೆಯ ಮಾತು ನಡುವೆ ಎಲ್ಲೋ ಬಂದು ಹೋಯಿತು.

ಸಂಜೀವಕುಮಾರ ವರದಿಯಲ್ಲಿ "ಪ್ರೇಕ್ಷಕರ ಸಹಭಾಗಿತ್ವ ಅಭೂತಪೂರ್ವ" ಎಂದು ಬರೆದ. ಇಲಾಖೆಯ ಸಾಹೇಬರೊಬ್ಬರು ನೋಡಲು ಬಂದು, ತಾವೂ ಗೊಂಬೆಗೆ ಅಕ್ಷತೆ ಹಾಕಿ ಫೋಟೋ ಹೊಡೆಸಿಕೊಂಡು, ಇನ್ನು ಮುಂದೆ ಪ್ರತಿ ಆಟದಲ್ಲೂ ಕುಬಸ ಕಡ್ಡಾಯ ಎಂದು ಬಾಯಿಮಾತಿನ ಆದೇಶ ಕೊಟ್ಟು ಹೋದರು. ಮುದ್ದೇಬಿಹಾಳದಿಂದ ಕರೆ ಬಂತು, ಬಸವನ ಬಾಗೇವಾಡಿಯಿಂದ ಬಂತು. ಟೆಂಪೋದಲ್ಲಿ ಹತ್ತು ಯುವಕರು, ನಡುವೆ ನೀಲವ್ವ. ಫೆಬ್ರವರಿಯಿಂದ ಜೂನ್‌ವರೆಗೆ ಅವಳಿಗೆ ಮೂವತ್ತು ಕುಬಸಗಳಾದವು. ಒಂದೇ ಊರಿಗೆ ಎರಡನೆಯ ಸಲ ಹೋದಾಗ ಅಲ್ಲಿಯ ಹೆಂಗಸರು, "ಇನ್ನೂ ಹಡದಿಲ್ಲೇನು? ದವಾಖಾನಿಗಿ ತೋರಿಸೀರೋ ಇಲ್ಲೋ?" ಎಂದು ಸಂಜೀವಕುಮಾರನನ್ನು ತರಾಟೆಗೆ ತೆಗೆದುಕೊಂಡರು. ಅವನು ಮೇಲಿನಿಂದ ಆದೇಶ ಬಂದಿಲ್ಲ ಎಂದು ಹೇಳಿ ಪಾರಾದ.

ಕಾಳಪ್ಪನಂತೂ ತಂದೆಯ ಪಾತ್ರದಲ್ಲಿ ಮುಳುಗಿಯೇ ಹೋದ. ಆಟದ ಕೊನೆಗೆ ಅವನದೊಂದು ಭಾಷಣವೂ ಸೇರಿಕೊಂಡಿತು. ಪಟಗಾ ಸರಿಮಾಡಿಕೊಂಡು ಗಂಡಸರ ಕಡೆ ಬೆರಳು ಮಾಡಿ ಹೇಳುತ್ತಿದ್ದ: "ಹೆಣ್ಣ ಕೊಟ್ಟ ಮ್ಯಾಲ ಮುಗೀತು ಅನಬ್ಯಾಡ್ರಿ. ಬಸುರಿ ಮಗಳ ಉಡಿ ತುಂಬಾಕ ಹೋಗಲಾರದ ತಂದಿ ಎಂಥಾ ತಂದಿ?" ಹೀಗೆ ಹೇಳುವಾಗ ಅವನು ನಿಜವಾಗಿಯೂ ಕಣ್ಣೊರೆಸಿಕೊಳ್ಳುತ್ತಿದ್ದ, ಜನರೂ ಒರೆಸಿಕೊಳ್ಳುತ್ತಿದ್ದರು. ತಾನು ಯಾರ ಬಗ್ಗೆ ಹೇಳುತ್ತಿದ್ದೇನೆ ಎಂಬುದು ಮಾತ್ರ ಅವನಿಗೆ ಹೊಳೆಯುತ್ತಿರಲಿಲ್ಲ. ಅಥವಾ ಹೊಳೆಯುತ್ತಿತ್ತು, ಅವನು ಆ ಕಡೆ ನೋಡುತ್ತಿರಲಿಲ್ಲ.

ಇತ್ತ ಸುರೇಖಾಳಿಗೆ ಐದು ಮುಗಿಯಿತು, ಏಳೂ ಮುಗಿಯಿತು. ಎಂಟು ತುಂಬಿ ಒಂಬತ್ತರಲ್ಲಿ ಬಿದ್ದ ದಿನ ಶೇವಂತೆವ್ವ ಗೂಟಕ್ಕೆ ತೂಗುಹಾಕಿದ್ದ ಗಂಟನ್ನು ಇಳಿಸಿ ಗಂಡನ ಮುಂದೆ ಬಿಚ್ಚಿದಳು. ಊರೂರಿನ ಹೆಂಗಸರು ನೀಲವ್ವನ ಉಡಿಗೆ ಹಾಕಿದ ಖಣಗಳು ಅದರಲ್ಲಿದ್ದವು.

"ಇದರಾಗ ಎಷ್ಟ ಕುಬಸ ಅದಾವ?"

"ಮೂವತ್ತು."

"ನನ್ನ ಮಗಳದು ಯಾವದು, ತೋರಸು."

ಕಾಳಪ್ಪ ಗಂಟಿನ ಕಡೆ ನೋಡಿದ. "ಬೀಗರು ಬಂದು ಕರೀಲಿ" ಎಂದ, ಆದರೆ ಮೊದಲಿನ ಜೋರು ಇರಲಿಲ್ಲ.

"ಕರ್ಯಾಕ ಬರಾವರು ಅವರಲ್ಲ, ಕರ್ಯಾಕ ಹೋಗಾವರು ನಾವು. ಇನ್ನ ಒಂದ ತಿಂಗಳಾತು ಅಂದ್ರ ಅಕಿ ಅಲ್ಲೇ ಹಡೀತಾಳ. ತಂದಿ ಇದ್ದೂ ಸತ್ತಾಂಗ ಅಂತ ಜನ ಅಂತಾರ, ಅನ್ನಲಿ. ನನ್ನ ಹೊಟ್ಟಿ ಉರಿಯೂದು ಅದಕ್ಕಲ್ಲ. ಅಕಿ ದಿನಾ ದಾರಿ ನೋಡ್ತಾಳ." ಶೇವಂತೆವ್ವ ಗಂಟು ಕಟ್ಟಿ ಮತ್ತೆ ಗೂಟಕ್ಕೆ ಹಾಕಿದಳು. ಆಮೇಲೆ ಅವಳು ಅವನೊಂದಿಗೆ ಮಾತು ಬಿಟ್ಟಳು. ರೊಟ್ಟಿ ಹಾಕುತ್ತಿದ್ದಳು, ಪಲ್ಯೆ ಹಾಕುತ್ತಿದ್ದಳು, ಇನ್ನಷ್ಟು ಬೇಕೇ ಎಂದು ಕೇಳುತ್ತಿರಲಿಲ್ಲ.

ಅದೇ ವಾರ ಸಂಜೀವಕುಮಾರ ಮುಂದಿನ ಆಟದ ಊರು ಹೇಳಿದ. ಆಲಮೇಲದ ಆಚೆ, ಭೀಮಾ ದಂಡೆಯ ಅದೇ ಊರು.

ಕಾಳಪ್ಪನಿಗೆ ಕೂಡಲೇ ಜ್ವರ ಬಂತು. ಸಂಜೀವಕುಮಾರ ಅದಕ್ಕೂ ಒಂದು ಗುಳಿಗೆ ತಂದುಕೊಟ್ಟ. "ಕಾಕಾ, ನೀನಿಲ್ಲಂದ್ರ ನೀಲವ್ವ ಮೂಕಿ. ಸಾಹೇಬ್ರು ಬರಾಕತ್ತಾರ." ಕಾಳಪ್ಪ ಒಂದು ರಾತ್ರಿ ಹೊರಳಾಡಿ, ತನ್ನ ಆಣೆಯನ್ನು ಎಲ್ಲ ಕಡೆಯಿಂದ ಪರೀಕ್ಷಿಸಿ ಒಂದು ದಾರಿ ಕಂಡುಕೊಂಡ. ಆಟ ನಡೆಯುವುದು ಶಾಲೆಯ ಅಂಗಳದಲ್ಲಿ. ಶಾಲೆ ಸರಕಾರದ್ದು. ಸರಕಾರದ ಜಾಗದಲ್ಲಿ ಬೀಗರ ಹೊಸ್ತಿಲು ಎಲ್ಲಿಂದ ಬರಬೇಕು? ಇನ್ನು ಮಾತು, ಮಾತಾಡುವವಳು ನೀಲವ್ವ, ಅವನಲ್ಲ. ತಾನು ಹೊರಗೆ ಬರುವುದಿಲ್ಲ, ಭಾಷಣ ಮಾಡುವುದಿಲ್ಲ, ತಂದೆ ಯಾರೆಂದು ಕೇಳಿದರೆ ಪರಸ್ಥಳಕ್ಕೆ ಹೋಗಿದ್ದಾನೆ ಎನ್ನಬೇಕು ಎಂದು ಷರತ್ತು ಹಾಕಿ ಟೆಂಪೋ ಹತ್ತಿದ.

ಶಾಲೆ ಬಿಟ್ಟ ಮೇಲೆ ಆಟ ಶುರುವಾಯಿತು. ನದಿಯ ಕಡೆ ಮುಂಗಾರಿನ ಮೋಡ ಕಟ್ಟಿತ್ತು. ಕಂಬಳಿಯಲ್ಲಿ ಅಲ್ಲಲ್ಲಿ ಸಣ್ಣ ತೂತುಗಳಿದ್ದವು. ಕಾಳಪ್ಪ ನೋಡಬಾರದೆಂದುಕೊಂಡೇ ನೋಡಿದ. ಎರಡನೆಯ ಸಾಲಿನ ಅಂಚಿನಲ್ಲಿ, ಅತ್ತೆ ಹೊನ್ನವ್ವನ ಪಕ್ಕ, ಗೋಡೆಗೆ ಒರಗಿ ಸುರೇಖಾ ಕೂತಿದ್ದಳು. ಹದಿಮೂರು ತಿಂಗಳಲ್ಲಿ ಮಗಳನ್ನು ಅವನು ಕಂಡದ್ದು ಅದೇ ಮೊದಲು. ಮುಖ ತುಂಬಿಕೊಂಡಿತ್ತು. ಕಾಲು ಚಾಚಿಕೊಂಡಿದ್ದಳು.

ನೀಲವ್ವ ಬಂದು ಮೊದಲ ಮಾತು ಆಡಿದೊಡನೆ ಸುರೇಖಾ ಗೋಡೆ ಬಿಟ್ಟು ನೆಟ್ಟಗೆ ಕೂತಳು.

ಅತ್ತೆ ಗೊಂಬೆ ಬೈದಾಯಿತು, ಗುಳಿಗೆಯ ಮಾತಾಯಿತು. ಕುಬಸದ ಹೊತ್ತು ಬಂದಾಗ ಯಾರೋ ತವರಿನವರೆಲ್ಲಿ ಎಂದು ಕೇಳಿದರು. "ತಂದಿ ಪರಸ್ಥಳಕ್ಕ ಹೋಗ್ಯಾನ್ರಿ, ಬುತ್ತಿ ಕಳಿಸ್ಯಾನ" ಎಂದ ಸಂಜೀವಕುಮಾರ. ಆಗ ಹೊನ್ನವ್ವ ಎದ್ದು ನಿಂತಳು. ಅವಳ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ, ಅದೇ ಕಷ್ಟವಾಯಿತು.

"ನಮ್ಮ ಸೊಸೀದೂ ಇನ್ನ ಆಗಿಲ್ರಿ. ಒಂಬತ್ತರಾಗ ಅದಾಳ. ಈ ಗೊಂಬಿ ತವರವರು ಹ್ಯಾಂಗೂ ಬುತ್ತಿ ತಂದಾರ, ಅದರಾಗನಽ ಈ ಹುಡುಗೀದೂ ಮುಗಸ್ರಿ. ಪುಣ್ಯ ಬರತೈತಿ."

ಅಪ್ಪನಿಲ್ಲದ ಕುಬಸ ಬೇಡವೇ ಬೇಡ ಎಂದಿದ್ದ ಸುರೇಖಾ ಒಂದು ಮಾತೂ ಆಡದೆ ಎದ್ದಳು. ನೆಲಕ್ಕೆ ಕೈಯೂರಿ, ಮೆಲ್ಲಗೆ, ಅತ್ತೆಯ ಭುಜ ಹಿಡಿದುಕೊಂಡು ಎದ್ದು ಬಂದು ಕಂಬಳಿಗೆ ತಾಗಿಕೊಂಡು ಹಾಕಿದ್ದ ಮಣೆಯ ಮೇಲೆ ಕೂತಳು. ಮೇಲೆ ನೀಲವ್ವ, ಕೆಳಗೆ ಅವಳು. ಅವಳು ಉಸಿರು ತೆಗೆದುಕೊಳ್ಳುವುದು ಕಂಬಳಿಯ ಈಚೆಗೆ ಕೇಳುತ್ತಿತ್ತು. ತಾನು ಇಲ್ಲಿರುವುದು ಅವಳಿಗೆ ಗೊತ್ತಾಗಿದೆ ಎಂದು ಕಾಳಪ್ಪನಿಗೆ ಗೊತ್ತಾಯಿತು.

ಹೆಂಗಸರು ಹಸಿರು ಬಳೆ ಇಡಿಸಿದರು, ಆರತಿ ತಟ್ಟೆ ತಂದರು. ಇಲ್ಲಿ ನೀಲವ್ವ ಜನರೊಳಗಿನ ಬಸುರಿಯರನ್ನು ಮಾತಾಡಿಸಬೇಕು ಎಂದು ಬರಹದಲ್ಲಿತ್ತು. ಮೂವತ್ತು ಆಟದಲ್ಲಿ ಆಡಿದ ಮಾತು. ನಾಲಿಗೆ ತಾನಾಗಿ ಹೊರಳಿತು.

"ಅಕ್ಕಾ, ಕಬ್ಬಿಣದ ಗುಳಿಗಿ ತಗೊಳಾಕತ್ತೀಯೇನು?"

"ತಗೊಳಾಕತ್ತೇನಿ" ಎಂದಳು ಸುರೇಖಾ, ಮೇಲೆ ನೋಡದೆ.

"ದಿನಾ?" ಇದು ಬರಹದಲ್ಲಿ ಇರಲಿಲ್ಲ.

"ದಿನಾ."

"ಹಾಲು ಕುಡಿತೀಯೇನು? ಸಣ್ಣಾಕಿದ್ದಾಗ ಒಲ್ಲೆ ಅಂತಿದ್ದಿ."

"ಕುಡಿತೇನಿ. ಅತ್ತಿ ಕೊಡ್ತಾಳ. ಕುಡದ ಮುಗಸೂತನಾ ಎದುರಿಗೆ ನಿಂತಿರ್ತಾಳ."

"ಕಾಲು ಬಾತಾವೇನವ್ವಾ?"

"ಸಂಜಿಮುಂದ ಬಾಯ್ತಾವ. ಮುಂಜಾನೆ ಇಳಿತಾವ."

ಜನಕ್ಕೆ ಇದು ಹಿಡಿಸಿತು. ಇಷ್ಟು ಚೆನ್ನಾಗಿ ವಿಚಾರಿಸುವ ಗೊಂಬೆಯನ್ನು ಅವರು ಕಂಡಿರಲಿಲ್ಲ. ಇಲಾಖೆಯ ಸಾಹೇಬರು ಮೊಬೈಲಿನಲ್ಲಿ ವಿಡಿಯೊ ತೆಗೆಯತೊಡಗಿದರು. ಇನ್ನು ಉಳಿದಿದ್ದು ಬರಹದ ಕೊನೆಯ ಪ್ರಶ್ನೆ. ಹೆರಿಗೆಗೆ ಎಲ್ಲಿಗೆ ಹೋಗಬೇಕೆಂದು ಮೊದಲೇ ನಿಶ್ಚಯಿಸಿದ್ದೀರಾ ಎಂದು ಕೇಳಬೇಕು. ಅದಕ್ಕೆ ಊರೂರಲ್ಲಿ ಬಸುರಿಯರು ಸರಕಾರಿ ದವಾಖಾನೆ ಎಂದು ಒಪ್ಪಿಸುತ್ತಿದ್ದರು, ಚಪ್ಪಾಳೆಯಾಗುತ್ತಿತ್ತು.

"ಹೆರಿಗಿಗೆ ಎಲ್ಲಿ ಹೋಗಬೇಕಂತ ಮಾಡೀದಿ ಅಕ್ಕಾ?"

ಸುರೇಖಾ ಕೈಯ ಹೊಸ ಬಳೆಗಳನ್ನು ಸರಿಸಿದಳು. "ಅದು ನನ್ನ ಕೈಯಾಗಿಲ್ಲ. ಚೊಚ್ಚಲ ಹೆರಿಗಿ ತವರಮನ್ಯಾಗ ಆಗಬೇಕು. ಕರ್ಯಾಕ ಯಾರೂ ಬಂದಿಲ್ಲ."

ನೀಲವ್ವನ ತಲೆ ನಿಧಾನವಾಗಿ ಕಂಬಳಿಯ ಅಂಚಿಗೆ ಇಳಿಯಿತು. ಹಿಂದಿನಿಂದ ಸಂಜೀವಕುಮಾರ, "ಸರಕಾರಿ ದವಾಖಾನಿ ಅನ್ನು ಕಾಕಾ, ಸರಕಾರಿ ದವಾಖಾನಿ" ಎಂದು ಪಿಸುಗುಟ್ಟಿದ. ಹೆಂಗಸರು ಕಾದರು.

"ಯಾಕ ನೀಲವ್ವ, ಮಾತ ಮರತಿಯೇನು?" ಎಂದಳು ಸುರೇಖಾ. "ಗೊತ್ತಿಲ್ಲಂದ್ರ ನಿಮ್ಮಪ್ಪಗ ಕೇಳು."

ಕಾಳಪ್ಪ ಗೊಂಬೆಯ ಕೋಲನ್ನು ಸಂಜೀವಕುಮಾರನ ಕೈಗೆ ಕೊಟ್ಟ. ಇಷ್ಟು ದಿನದಲ್ಲಿ ಒಮ್ಮೆಯೂ ಗೊಂಬೆ ಹಿಡಿಯದ ಅಧ್ಯಕ್ಷ ಅದನ್ನು ತಲೆಕೆಳಗಾಗಿ ಹಿಡಿದು ನಿಂತ. ಕಾಳಪ್ಪ ಕಂಬಳಿ ಸರಿಸಿ ಹೊರಗೆ ಬಂದು ಮಗಳ ಎದುರು ನಿಂತ. ಊರೂರಲ್ಲಿ ಇದೇ ಜಾಗದಲ್ಲಿ ನಿಂತು ತಂದೆಯರಿಗೆ ಬುದ್ಧಿ ಹೇಳಿದ ಮನುಷ್ಯ. ಹೇಳಬೇಕಾದದ್ದು ಎರಡೇ ಮಾತು, ಅದೂ ಗೊತ್ತಿತ್ತು. ಬಾಯಿ ತೆರೆದ. ಕುರಿ ಗದರಿಸಿದ, ಆಣೆ ಹಾಕಿದ, ಹದಿಮೂರು ತಿಂಗಳು ಬೀಗರನ್ನು ಬೈದ ತನ್ನ ದನಿಯನ್ನು ಹುಡುಕಿದ. ಆ ದನಿಗೆ ಇಂಥ ಮಾತು ಆಡಿ ಅಭ್ಯಾಸವೇ ಇರಲಿಲ್ಲ. ಎರಡು ಸಲ ಕೆಮ್ಮಿದ. ಮೂರನೆಯ ಸಲ ಎಲ್ಲರ ಎದುರಿಗೆ, ಆ ದೊಡ್ಡ ಮೀಸೆಯ ಕೆಳಗಿನಿಂದ, ನೀಲವ್ವನ ತೆಳ್ಳನೆಯ ಹೆಣ್ಣುದನಿ ಹೊರಬಂತು:

"ಮನಿಗಿ ನಡಿ, ಮಗಳ."

ಜನ ಇದೂ ಆಟದೊಳಗಿನದೇ ಎಂದು ತಿಳಿದು ಚಪ್ಪಾಳೆ ತಟ್ಟಿದರು. ಸಾಹೇಬರು ವಿಡಿಯೊ ನಿಲ್ಲಿಸಲಿಲ್ಲ. ಕಾಳಪ್ಪ ನಾಚಿಕೆಯಿಂದ ನೆಲ ನೋಡಿದ, ಇನ್ನೊಮ್ಮೆ ಸರಿಯಾಗಿ ಹೇಳೋಣವೆಂದು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಸುರೇಖಾ ಎಬ್ಬಿಸು ಎಂದು ಅವನ ಕಡೆ ಕೈ ಚಾಚಿದಳು.

"ಬರ್ತೇನಿ ಅಪ್ಪ" ಎಂದಳು.